ಕ್ರೇನನ್ನು ಮಕ್ಕಳ ಕೈಗಿತ್ತ ಗುಮಾಸ್ತ ಫ್ರಾಂಕ್ ಹಾರ್ನ್‌ಬಿ

ಕೊಪ್ಪಳ: 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಸರಪಳಿ ತುಂಡಾಗಿ ನೀರಿನಲ್ಲಿ ಕೊಚ್ಚಿಹೋಯಿತು. ವರ್ಷಗಳ ಬಳಿಕ ತುಂಬಿದ್ದ ಜಲಾಶಯ ಕಣ್ಣೆದುರೇ ಬರಿದಾಗತೊಡಗಿದಾಗ ಗಂಗಾವತಿ, ಕಾರಟಗಿ ಭಾಗದಲ್ಲಿ ಭತ್ತ ನಾಟಿ ಮಾಡಿದ್ದ ರೈತರ ಎದೆ ಒಡೆಯಿತು. ಅರವತ್ತು ಅಡಿ ಅಗಲ, ಇಪ್ಪತ್ತು ಅಡಿ ಎತ್ತರದ ಗೇಟನ್ನು ಇಡಿಯಾಗಿ ಆ ರಭಸದ ಹರಿವಿಗೆ ಇಳಿಸುವುದು ಸಾಧ್ಯವಿರಲಿಲ್ಲ. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಉಕ್ಕಿನ ತಡೆಗೋಡೆಯನ್ನು ಐದು ತುಂಡುಗಳಾಗಿ ತಯಾರಿಸಿ, ಭಾರಿ ಕ್ರೇನ್‌ಗಳಿಂದ ಒಂದರ ಮೇಲೊಂದರಂತೆ ಇಳಿಸಲಾಯಿತು. ಆಗಸ್ಟ್ 16ರಂದು ಮೊದಲ ತುಂಡು ಕೂತಿತು, ಮರುದಿನ ನೀರು ನಿಂತಿತು.

ಆ ಒಂದು ವಾರ ನಾಡಿನ ಜನರೆಲ್ಲ ಉಸಿರು ಬಿಗಿಹಿಡಿದು ನೋಡಿದ್ದು ಕ್ರೇನ್‌ನ ಕೊಕ್ಕೆಯನ್ನು. ಇಡಿಯಾಗಿ ಆಗದ ದೊಡ್ಡ ಕೆಲಸವನ್ನು ಸಣ್ಣ ಬಿಡಿಭಾಗಗಳಾಗಿ ಒಡೆದು, ಒಂದೊಂದನ್ನೇ ಜೋಡಿಸಿ ಮುಗಿಸುವ ಆ ಉಪಾಯವನ್ನು ಶತಮಾನಕ್ಕೂ ಹಿಂದೆಯೇ ಮಕ್ಕಳ ಆಟವನ್ನಾಗಿ ಮಾಡಿದವನೊಬ್ಬನಿದ್ದ. ಆತ ಎಂಜಿನಿಯರ್ ಅಲ್ಲ, ಕಾಲೇಜಿನ ಮೆಟ್ಟಿಲು ಹತ್ತಿದವನೂ ಅಲ್ಲ. ಮಾಂಸ ಆಮದು ಮಾಡಿಕೊಳ್ಳುವ ವ್ಯಾಪಾರಿಯ ಬಳಿ ಲೆಕ್ಕ ಬರೆಯುತ್ತಿದ್ದ ಸಾಮಾನ್ಯ ಗುಮಾಸ್ತ. ಮಕ್ಕಳಿಗಾಗಿ ಆತ ಮಾಡಹೊರಟ ಒಂದು ಆಟಿಕೆ ಕ್ರೇನ್ ಜಗತ್ತಿನ ಆಟಿಕೆಗಳ ಇತಿಹಾಸವನ್ನೇ ಬದಲಿಸಿತು. ಆತನೇ ಮೆಕ್ಯಾನೊ ಜನಕ ಫ್ರಾಂಕ್ ಹಾರ್ನ್‌ಬಿ.

ಬಂದರಿನ ಊರಿನ ಹುಡುಗ

ಹಾರ್ನ್‌ಬಿ ಜನಿಸಿದ್ದು 1863ರ ಮೇ 15ರಂದು, ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ. ತಂದೆ ಜಾನ್ ಹಾರ್ನ್‌ಬಿ ದಿನಸಿ ವ್ಯಾಪಾರಿ, ತಾಯಿ ಮಾರ್ಥಾ. ಆಗ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಅಲ್ಲಿಂದ ಬರುತ್ತಿದ್ದ ಹತ್ತಿ ನಿಂತುಹೋಗಿ ಲ್ಯಾಂಕಾಷೈರ್‌ನ ಗಿರಣಿಗಳು ಭಾರತದ ಕಡೆ ಮುಖ ಮಾಡಿದ್ದವು. ಧಾರವಾಡ ಸೀಮೆಯ ಹತ್ತಿಯ ಅಂಡಿಗೆಗಳು ಕರಾವಳಿ ತಲುಪಿ ಹಡಗು ಏರುತ್ತಿದ್ದ ಕಾಲವದು. ಜಗತ್ತಿನ ಹತ್ತಿಯ ದೊಡ್ಡ ಪಾಲು ಇಳಿಯುತ್ತಿದ್ದ ಬಂದರು ಲಿವರ್‌ಪೂಲ್. ಮೈಲುಗಟ್ಟಲೆ ಹಡಗುಕಟ್ಟೆ, ಸಾಲುಸಾಲು ಗೋದಾಮು, ಸರಕು ಎತ್ತಿಳಿಸುವ ಕ್ರೇನ್‌ಗಳು ಆ ಊರಿನ ಮಕ್ಕಳಿಗೆ ದಿನನಿತ್ಯದ ನೋಟವಾಗಿದ್ದವು.

ಹದಿನಾರನೆಯ ವಯಸ್ಸಿಗೆ ಶಾಲೆ ಬಿಟ್ಟ ಹಾರ್ನ್‌ಬಿ ತಂದೆಯ ಅಂಗಡಿಯ ಗಲ್ಲೆಯಲ್ಲಿ ಕುಳಿತ. ಆದರೆ ಮನಸ್ಸು ಯಂತ್ರಗಳ ಮೇಲೆಯೇ ಇತ್ತು. ಸ್ವಂತ ಪರಿಶ್ರಮದಿಂದ ಮೇಲೆ ಬಂದ ಎಂಜಿನಿಯರುಗಳ, ಸಂಶೋಧಕರ ಕಥೆಗಳಿದ್ದ ಸ್ಯಾಮುಯೆಲ್ ಸ್ಮೈಲ್ಸ್‌ನ ಪುಸ್ತಕ ಬಾಲಕನ ಮೇಲೆ ಗಾಢ ಪ್ರಭಾವ ಬೀರಿತ್ತು. ಒಮ್ಮೆ ಚಾಲನೆ ಕೊಟ್ಟರೆ ಎಂದೂ ನಿಲ್ಲದ ಯಂತ್ರವನ್ನು ಮಾಡುವ ಹುಚ್ಚೂ ಕೆಲಕಾಲ ಹಿಡಿದಿತ್ತು. ಪ್ರಕೃತಿಯ ನಿಯಮಕ್ಕೆ ವಿರುದ್ಧವಾದ ಆ ಪ್ರಯತ್ನ ಸೋತಿತಾದರೂ ಕೈಗಳಿಗೆ ಲೋಹದ ಕೆಲಸದ ರೂಢಿಯಾಯಿತು.

1887ರ ಜನವರಿಯಲ್ಲಿ ಶಾಲಾ ಶಿಕ್ಷಕಿ ಕ್ಲಾರಾ ಗಾಡೆಫ್ರಾಯ್ ಅವಳೊಂದಿಗೆ ಹಾರ್ನ್‌ಬಿಯ ವಿವಾಹವಾಯಿತು. ದಂಪತಿಗೆ ರೋಲಂಡ್, ಡಗ್ಲಸ್ ಎಂಬ ಇಬ್ಬರು ಗಂಡುಮಕ್ಕಳು ಹಾಗೂ ಪೆಟ್ರೀಷಿಯಾ ಎಂಬ ಮಗಳು. 1899ರಲ್ಲಿ ತಂದೆ ತೀರಿಕೊಂಡಾಗ ಅಂಗಡಿ ಮುಚ್ಚಿತು. ಮೂವತ್ತಾರರ ಹರೆಯದ ಹಾರ್ನ್‌ಬಿ, ಡೇವಿಡ್ ಎಲಿಯಟ್ ಎಂಬ ಮಾಂಸ ಆಮದುದಾರನ ಕಚೇರಿಯಲ್ಲಿ ಲೆಕ್ಕಿಗನಾಗಿ ಸೇರಿಕೊಂಡ. ಜೀವನ ಅಲ್ಲಿಗೆ ನಿಂತಿದ್ದರೆ ಲಿವರ್‌ಪೂಲಿನ ಸಾವಿರಾರು ಗುಮಾಸ್ತರಲ್ಲಿ ಆತನೂ ಒಬ್ಬನಾಗಿ ಮರೆಯಾಗುತ್ತಿದ್ದ.

ಅರ್ಧಕ್ಕೆ ನಿಂತ ಕ್ರೇನ್

ಕಚೇರಿಯಿಂದ ಮರಳಿದ ಮೇಲೆ ಮನೆಯ ಸಣ್ಣ ಕಾರ್ಯಾಗಾರದಲ್ಲಿ ಮಕ್ಕಳಿಗಾಗಿ ಸೇತುವೆ, ಬಂಡಿ, ಕ್ರೇನ್‌ಗಳನ್ನು ತಗಡಿನಿಂದ ಮಾಡಿಕೊಡುವುದು ಹಾರ್ನ್‌ಬಿಯ ಅಭ್ಯಾಸ. ಆದರೆ ಪ್ರತಿಯೊಂದು ಆಟಿಕೆಗೂ ಬೇರೆ ಬೇರೆ ಅಳತೆಯ ಭಾಗಗಳನ್ನು ಕತ್ತರಿಸಬೇಕಿತ್ತು. ಒಂದು ಕಡ್ಡಿ ಕಡಿಮೆಯಾದರೂ, ಒಂದು ಗಾಲಿ ಸಿಗದಿದ್ದರೂ ಇಡೀ ಕ್ರೇನ್ ಅರ್ಧಕ್ಕೇ ನಿಲ್ಲುತ್ತಿತ್ತು. ಆಡಿ ಬೇಸರವಾದ ಆಟಿಕೆಯ ಭಾಗಗಳು ಇನ್ನೊಂದಕ್ಕೆ ಒದಗುತ್ತಿರಲಿಲ್ಲ.

ಹಾರ್ನ್‌ಬಿ ಮುಂದೆ ತಾನೇ ಹೇಳಿಕೊಂಡ ಪ್ರಕಾರ, ಕ್ರಿಸ್‌ಮಸ್ ಮುನ್ನಾದಿನದ ಒಂದು ರೈಲು ಪ್ರಯಾಣದಲ್ಲಿ ಈ ಸಮಸ್ಯೆಗೆ ಉತ್ತರ ಹೊಳೆಯಿತು. ಯಾವ ಆಟಿಕೆಗೂ ಹೊಂದುವಂಥ ಒಂದೇ ಅಳತೆಯ ಭಾಗಗಳನ್ನು ಮಾಡಿಟ್ಟರೆ ಇಂದು ಕ್ರೇನ್ ಆದದ್ದು ನಾಳೆ ಸೇತುವೆಯಾಗಬಲ್ಲದು. ಅರ್ಧ ಅಂಗುಲ ಅಗಲದ ಲೋಹದ ಪಟ್ಟಿಗಳು, ಅವುಗಳ ಉದ್ದಕ್ಕೂ ಅರ್ಧ ಅಂಗುಲಕ್ಕೊಂದರಂತೆ ಒಂದೇ ಗಾತ್ರದ ರಂಧ್ರಗಳು. ಎರಡು ಪಟ್ಟಿಗಳನ್ನು ಯಾವ ರಂಧ್ರದಲ್ಲಿ ಬೇಕಾದರೂ ನಟ್ಟು ಬೋಲ್ಟು ಹಾಕಿ ಬಿಗಿಯಬಹುದು. ಅದೇ ರಂಧ್ರದಲ್ಲಿ ಸಣ್ಣ ಸಲಾಕೆಯನ್ನು ತೂರಿಸಿದರೆ ಅದು ಅಚ್ಚಾಗಿ ತಿರುಗುತ್ತದೆ, ಅದಕ್ಕೆ ಗಾಲಿಯನ್ನೋ ರಾಟೆಯನ್ನೋ ಸಿಕ್ಕಿಸಬಹುದು. ಕೀಲಿಗೂ ತಿರುಗಣೆಗೂ ಒಂದೇ ರಂಧ್ರ ಸಾಕಾದದ್ದೇ ಈ ಯೋಜನೆಯ ಜೀವಾಳ.

ಹೇಳುವುದು ಸುಲಭ, ಮಾಡುವುದು ಕಷ್ಟವಾಗಿತ್ತು. ತಾಮ್ರದ ಹಾಳೆಯನ್ನು ಕೈಯಿಂದಲೇ ಕತ್ತರಿಸಿ, ಅಳೆದು, ತೂತು ಕೊರೆಯಬೇಕು. ಒಂದು ರಂಧ್ರ ಕೂದಲೆಳೆಯಷ್ಟು ಆಚೀಚೆಯಾದರೂ ಜೋಡಣೆ ಕೂರದು. ಪೇಟೆಯಲ್ಲಿ ಸಿಗುವ ನಟ್ಟು ಬೋಲ್ಟುಗಳು ಆಟಿಕೆಗೆ ಹೊಂದದೇ ಹೋದಾಗ ಅವನ್ನೂ ತಾನೇ ತಯಾರಿಸಬೇಕಾಯಿತು. ಹಗಲು ಲೆಕ್ಕದ ಪುಸ್ತಕ, ರಾತ್ರಿ ಅರ ಮತ್ತು ಕತ್ತರಿ ಎಂಬಂತೆ ದಿನಗಳು ಸಾಗಿದವು.

ಐದು ಪೌಂಡ್ ಸಾಲ

1901ರ ಜನವರಿಯಲ್ಲಿ ಹಾರ್ನ್‌ಬಿ ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದ. ಅದರ ಖರ್ಚಿಗೂ ಕೈಯಲ್ಲಿ ಹಣವಿರಲಿಲ್ಲ. ಧಣಿ ಎಲಿಯಟ್‌ನಿಂದ ಐದು ಪೌಂಡ್ ಸಾಲ ಪಡೆದು ಶುಲ್ಕ ಕಟ್ಟಿದ. ಆಟಿಕೆಯ ಹಿಂದಿನ ವಿಚಾರವನ್ನು ಅರಿತ ಎಲಿಯಟ್ ತನ್ನ ಕಚೇರಿಯ ಪಕ್ಕದ ಖಾಲಿ ಜಾಗವನ್ನೂ ಬಿಟ್ಟುಕೊಟ್ಟು ಪಾಲುದಾರನಾದ. ಅದೇ ವರ್ಷದ ಕೊನೆಯ ವೇಳೆಗೆ ಪೇಟೆಂಟ್ ದೊರೆಯಿತು.

1902ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಪೆಟ್ಟಿಗೆಯ ಹೆಸರು ಮೆಕ್ಯಾನಿಕ್ಸ್ ಮೇಡ್ ಈಸಿ. ಯಂತ್ರಶಾಸ್ತ್ರವನ್ನು ಸುಲಭಗೊಳಿಸುವುದು ಎಂಬುದೇ ಆ ಹೆಸರಿನ ಅರ್ಥ. ಅದರಲ್ಲಿದ್ದದ್ದು 16 ಬಗೆಯ ಬಿಡಿಭಾಗಗಳು, ಹನ್ನೆರಡು ಮಾದರಿಗಳನ್ನು ಕಟ್ಟುವ ವಿಧಾನ ತಿಳಿಸುವ ಒಂದು ಕರಪತ್ರ. ಬೆಲೆ ಏಳೂವರೆ ಷಿಲಿಂಗ್. ಸಾಮಾನ್ಯ ದುಡಿಮೆಗಾರನ ಮಟ್ಟಿಗೆ ಅದು ದುಬಾರಿಯೇ. ಹೊರಗಿನವರಿಂದ ಮಾಡಿಸಿದ ಭಾಗಗಳ ಅಂಚುಗಳು ಒರಟಾಗಿದ್ದವು, ನೋಟವೂ ಅಷ್ಟಕ್ಕಷ್ಟೇ. ಬಣ್ಣಬಣ್ಣದ ಜರ್ಮನ್ ಆಟಿಕೆಗಳಿಂದ ತುಂಬಿದ್ದ ಅಂಗಡಿಗಳಲ್ಲಿ ತೂತು ಕೊರೆದ ತಗಡಿನ ಪಟ್ಟಿಗಳನ್ನು ಕೊಳ್ಳುವವರು ವಿರಳ. ಅಂಗಡಿಕಾರರಿಗೂ ಇದನ್ನು ಹೇಗೆ ತೋರಿಸಿ ಮಾರಬೇಕೆಂಬುದು ಬಗೆಹರಿಯಲಿಲ್ಲ.

ಆಗ ನೆರವಿಗೆ ಬಂದವರು ಲಿವರ್‌ಪೂಲಿನ ಎಂಜಿನಿಯರಿಂಗ್ ಪ್ರಾಧ್ಯಾಪಕ ಹೆನ್ರಿ ಹೆಲೆ ಷಾ. ಗುಮಾಸ್ತನೊಬ್ಬ ತಂದು ತೋರಿಸಿದ ಪೆಟ್ಟಿಗೆಯಲ್ಲಿ ಯಂತ್ರಶಾಸ್ತ್ರದ ಮೂಲಪಾಠಗಳೆಲ್ಲ ಇರುವುದನ್ನು ಆ ವಿದ್ವಾಂಸರು ಗುರುತಿಸಿ ಮೆಚ್ಚುಗೆಯ ಪತ್ರ ಬರೆದುಕೊಟ್ಟರು. ಆ ಪತ್ರವನ್ನು ಹಾರ್ನ್‌ಬಿ ಪ್ರಚಾರಕ್ಕೆ ಚೆನ್ನಾಗಿಯೇ ಬಳಸಿಕೊಂಡ.

ಲಾಭವಿಲ್ಲದ ವರ್ಷಗಳು

1903ರ ಹೊತ್ತಿಗೆ ಸುಮಾರು 1500 ಪೆಟ್ಟಿಗೆಗಳು ಮಾರಾಟವಾದರೂ ಲಾಭ ಬರಲಿಲ್ಲ. ಮೊದಲ ಸಣ್ಣ ಲಾಭ ಕಂಡದ್ದು 1906ರಲ್ಲಿ. ಅಂದರೆ ಪೇಟೆಂಟ್ ಅರ್ಜಿ ಹಾಕಿದ ಐದು ವರ್ಷಗಳ ನಂತರ. ಆ ಅವಧಿಯುದ್ದಕ್ಕೂ ಹಾರ್ನ್‌ಬಿ ಗುಮಾಸ್ತಿಕೆಯನ್ನು ಬಿಟ್ಟಿರಲಿಲ್ಲ. ಹೊಸ ಭಾಗಗಳನ್ನು ಸೇರಿಸುತ್ತ, ಪೆಟ್ಟಿಗೆಗಳನ್ನು ದೊಡ್ಡವು ಸಣ್ಣವು ಎಂದು ವಿಂಗಡಿಸುತ್ತ ಹೋದ. ಸಣ್ಣ ಪೆಟ್ಟಿಗೆ ಕೊಂಡ ಬಾಲಕ ಮುಂದಿನ ವರ್ಷ ಸ್ವಲ್ಪ ಭಾಗಗಳನ್ನು ಮಾತ್ರ ಕೊಂಡು ದೊಡ್ಡ ಪೆಟ್ಟಿಗೆಯ ಹಂತಕ್ಕೆ ಏರಬಹುದಾದ ವ್ಯವಸ್ಥೆ ವ್ಯಾಪಾರದ ದೃಷ್ಟಿಯಿಂದ ಬಹಳ ಜಾಣತನದ್ದಾಗಿತ್ತು.

1907ರಲ್ಲಿ ಬೇರೆ ಬಗೆಯ ಬಿಕ್ಕಟ್ಟು ಎದುರಾಯಿತು. ಬೇಡಿಕೆ ಹೆಚ್ಚಿತು, ಭಾಗಗಳನ್ನು ಮಾಡಿಕೊಡುತ್ತಿದ್ದ ಹೊರಗಿನ ತಯಾರಕರಿಗೆ ಅದನ್ನು ಪೂರೈಸಲಾಗಲಿಲ್ಲ. ನಲವತ್ತನಾಲ್ಕರ ಹಾರ್ನ್‌ಬಿ ಅಂದು ತೆಗೆದುಕೊಂಡ ನಿರ್ಧಾರ ಸಣ್ಣದಲ್ಲ. ಖಾಯಂ ನೌಕರಿಗೆ ರಾಜೀನಾಮೆ ಕೊಟ್ಟು, ಸಾಲ ಎತ್ತಿ, ಡ್ಯೂಕ್ ರಸ್ತೆಯಲ್ಲಿ ಸ್ವಂತ ತಯಾರಿಕೆ ಆರಂಭಿಸಿದ. ಹೆಂಡತಿ, ಮೂವರು ಮಕ್ಕಳ ಸಂಸಾರ ಒಂದು ಆಟಿಕೆಯನ್ನು ನಂಬಿ ನಿಂತಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮೆಕ್ಯಾನೊ ಎಂಬ ಹೆಸರು ನೋಂದಣಿಯಾಯಿತು. ಮಾಡಿ ತಿಳಿ ಎಂಬರ್ಥದ ಇಂಗ್ಲಿಷ್ ಪದಗಳಿಂದ ಅದು ಬಂದಿದೆ ಎಂದು ಹೇಳುವುದುಂಟು.

1908ರಲ್ಲಿ ಮೆಕ್ಯಾನೊ ಲಿಮಿಟೆಡ್ ಸ್ಥಾಪನೆಯಾದಾಗ ಎಲಿಯಟ್ ಅದರಲ್ಲಿ ಸೇರದೆ ಹೊರಗುಳಿದ. ಐದು ಪೌಂಡ್ ಸಾಲ ಕೊಟ್ಟು ಬೀಜ ಬಿತ್ತಿದವನಿಗೆ ಬೆಳೆಯ ಸುಗ್ಗಿಯಲ್ಲಿ ಪಾಲಿಲ್ಲದೇ ಹೋದದ್ದು ಈ ಕಥೆಯ ಒಂದು ವಿಪರ್ಯಾಸ.

ಬಿನ್ಸ್ ರಸ್ತೆಯ ಕಾರ್ಖಾನೆ

ಅಲ್ಲಿಂದ ಮುಂದಿನದು ವೇಗದ ಬೆಳವಣಿಗೆ. 1912ರ ಹೊತ್ತಿಗೆ ಫ್ರಾನ್ಸ್ ಮತ್ತು ಜರ್ಮನಿಯಲ್ಲೂ ಮೆಕ್ಯಾನೊ ವಹಿವಾಟು ಆರಂಭವಾಯಿತು. 1914ರಲ್ಲಿ ಲಿವರ್‌ಪೂಲಿನ ಬಿನ್ಸ್ ರಸ್ತೆಯಲ್ಲಿ ಐದು ಎಕರೆ ಜಾಗದಲ್ಲಿ ದೊಡ್ಡ ಕಾರ್ಖಾನೆ ತಲೆಯೆತ್ತಿತು. ಅದೇ ವರ್ಷ ಮಹಾಯುದ್ಧ ಸಿಡಿದು ಜರ್ಮನಿಯಲ್ಲಿನ ಆಸ್ತಿ ಕೈತಪ್ಪಿತು. ಆದರೆ ಜರ್ಮನ್ ಆಟಿಕೆಗಳ ಪೈಪೋಟಿ ಇಲ್ಲದ ಇಂಗ್ಲೆಂಡಿನ ಪೇಟೆ ಹಾರ್ನ್‌ಬಿಗೆ ತೆರೆದುಕೊಂಡಿತು.

1916ರಲ್ಲಿ ಮೆಕ್ಯಾನೊ ಮ್ಯಾಗಜೀನ್ ಆರಂಭವಾಯಿತು. ಹೊಸ ಮಾದರಿಗಳ ಚಿತ್ರಗಳ ಜತೆಗೆ ಜಗತ್ತಿನ ಸೇತುವೆ, ಅಣೆಕಟ್ಟು, ಹಡಗು, ರೈಲುಗಳ ವಿವರಗಳನ್ನು ಅದು ಬಾಲಕರಿಗೆ ತಲುಪಿಸಿತು. 1919ರಲ್ಲಿ ಮೆಕ್ಯಾನೊ ಗಿಲ್ಡ್ ಹೆಸರಿನ ಸಂಘ ಹುಟ್ಟಿ ಊರೂರಿನ ಬಾಲಕರ ಕ್ಲಬ್ಬುಗಳನ್ನು ಒಂದುಗೂಡಿಸಿತು. ಆಟಿಕೆಯನ್ನು ಮಾರಿ ಸುಮ್ಮನಾಗದೆ, ಕೊಂಡವನನ್ನು ಒಂದು ಬಳಗದ ಸದಸ್ಯನನ್ನಾಗಿ ಮಾಡಿಕೊಳ್ಳುವ ಈ ಕ್ರಮ ಹಾರ್ನ್‌ಬಿಯ ವ್ಯಾಪಾರಿ ಬುದ್ಧಿಗೆ ಸಾಕ್ಷಿ.

ಮೆಕ್ಯಾನೊ ಮಾದರಿಗಳಲ್ಲಿ ಕ್ರೇನ್‌ಗೆ ಸದಾ ಅಗ್ರಸ್ಥಾನ. ಸಣ್ಣ ಪೆಟ್ಟಿಗೆಯಲ್ಲಿ ಹುಡುಗ ಕಟ್ಟುವ ಮೊದಲ ಯಂತ್ರಗಳಲ್ಲಿ ಕೈಹಿಡಿ ತಿರುಗಿಸಿದರೆ ಕೊಕ್ಕೆ ಮೇಲೇಳುವ ಪುಟ್ಟ ಕ್ರೇನ್ ಇರುತ್ತಿತ್ತು. ಬಂದರಿನಲ್ಲಿ ಬಂಡೆಗಲ್ಲುಗಳನ್ನು ಕೂರಿಸುವ ದೈತ್ಯ ಕ್ರೇನ್‌ನ ಮಾದರಿ ಪರಿಣತರ ಪಾಲಿನ ದೊಡ್ಡ ಸವಾಲಾಗಿತ್ತು. ಇದಕ್ಕೆ ಕಾರಣವೂ ಇದೆ. ಸನ್ನೆಗೋಲು, ರಾಟೆ, ಹಲ್ಲುಗಾಲಿ, ಸಮತೋಲನದ ಭಾರ ಇವೆಲ್ಲವೂ ಕ್ರೇನ್ ಒಂದರಲ್ಲೇ ಇವೆ. ಬೂಮ್ ಮುಂದಕ್ಕೆ ಚಾಚಿದಷ್ಟೂ ಎತ್ತುವ ಶಕ್ತಿ ಕುಗ್ಗುತ್ತದೆ, ಹಿಂಬದಿಯ ಭಾರ ಸಾಲದಿದ್ದರೆ ಇಡೀ ಯಂತ್ರ ಮುಗ್ಗರಿಸುತ್ತದೆ. ಪುಸ್ತಕದಲ್ಲಿ ಪುಟಗಟ್ಟಲೆ ವಿವರಿಸಬೇಕಾದ ಈ ಸತ್ಯ ಮೇಜಿನ ಮೇಲಿನ ಆಟಿಕೆ ಒಮ್ಮೆ ಬೋರಲು ಬಿದ್ದರೆ ಹತ್ತು ವರ್ಷದ ಮಗುವಿಗೂ ಮನದಟ್ಟಾಗುತ್ತದೆ.

ಈ ಆಟಿಕೆ ಗಂಭೀರ ವಿಜ್ಞಾನಕ್ಕೂ ಒದಗಿತು. 1934ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಡಗ್ಲಸ್ ಹಾರ್ಟ್ರಿ ಮತ್ತು ವಿದ್ಯಾರ್ಥಿ ಆರ್ಥರ್ ಪೋರ್ಟರ್ ಕ್ಲಿಷ್ಟ ಗಣಿತ ಸಮೀಕರಣಗಳನ್ನು ಬಿಡಿಸುವ ಯಂತ್ರವೊಂದನ್ನು ಬಹುಪಾಲು ಮೆಕ್ಯಾನೊ ಭಾಗಗಳಿಂದಲೇ ಕಟ್ಟಿದರು. ಕಂಪ್ಯೂಟರ್ ಇತಿಹಾಸದಲ್ಲಿ ಅದಕ್ಕೊಂದು ಸ್ಥಾನವಿದೆ.

ಹೊಗಳಿಕೆಯ ನಡುವೆ ಮರೆಯಬಾರದ ಸಂಗತಿಯೂ ಒಂದುಂಟು. ಮೆಕ್ಯಾನೊ ಜಾಹೀರಾತುಗಳು ಮಾತನಾಡುತ್ತಿದ್ದುದು ಗಂಡುಹುಡುಗರೊಂದಿಗೆ ಮಾತ್ರ. ಆದರೆ ಬಿನ್ಸ್ ರಸ್ತೆಯ ಕಾರ್ಖಾನೆಯಲ್ಲಿ ಆ ಭಾಗಗಳನ್ನು ತಯಾರಿಸಿ, ಎಣಿಸಿ, ಪೆಟ್ಟಿಗೆಗೆ ತುಂಬುತ್ತಿದ್ದವರಲ್ಲಿ ಹೆಣ್ಣುಮಕ್ಕಳೇ ದೊಡ್ಡ ಸಂಖ್ಯೆಯಲ್ಲಿದ್ದರು.

ರೈಲು, ಕಾರು ಮತ್ತು ಕೋಲ್ಸ್ ಕ್ರೇನ್

1920ರಲ್ಲಿ ಕೀಲಿ ಕೊಟ್ಟರೆ ಓಡುವ ಹಾರ್ನ್‌ಬಿ ರೈಲುಗಳು ಬಂದವು. ಆ ರೈಲು ನಿಲ್ದಾಣಗಳ ಅಂದ ಹೆಚ್ಚಿಸಲು 1933ರ ಕೊನೆಯಲ್ಲಿ ಅಚ್ಚಿನಲ್ಲಿ ಎರಕ ಹೊಯ್ದ ಪುಟ್ಟ ವಾಹನಗಳನ್ನು ಹೊರತರಲಾಯಿತು. 1934ರಲ್ಲಿ ಅವುಗಳಿಗೆ ಡಿಂಕಿ ಟಾಯ್ಸ್ ಎಂಬ ಹೆಸರಾಯಿತು. ಬಿಡಿಭಾಗಗಳನ್ನು ಜೋಡಿಸುವ ಮೆಕ್ಯಾನೊ ಒಂದೆಡೆ, ನೈಜ ವಾಹನದ ಅಚ್ಚಿಳಿಸಿದಂತಿರುವ ಸಿದ್ಧ ಮಾದರಿ ಇನ್ನೊಂದೆಡೆ. ಇಂದು ಜಗತ್ತಿನಾದ್ಯಂತ ನಡೆಯುವ ಮಾದರಿ ವಾಹನಗಳ ಸಂಗ್ರಹಕ್ಕೆ ಬುನಾದಿ ಬಿದ್ದದ್ದರಲ್ಲಿ ಡಿಂಕಿಯ ಪಾಲು ದೊಡ್ಡದು.

ಈ ವೇಳೆಗೆ ಹಾರ್ನ್‌ಬಿ ಲಕ್ಷಾಂತರ ಪೌಂಡ್‌ಗಳ ಒಡೆಯ. 1931ರಲ್ಲಿ ಕನ್ಸರ್ವೇಟಿವ್ ಪಕ್ಷದಿಂದ ಲಿವರ್‌ಪೂಲಿನ ಎವರ್ಟನ್ ಕ್ಷೇತ್ರದಲ್ಲಿ ಗೆದ್ದು ಸಂಸತ್ ಸದಸ್ಯನಾದ. ಕಂಪನಿಯ ದೈನಂದಿನ ಹೊಣೆಯನ್ನು ಇತರರಿಗೆ ವಹಿಸಬೇಕಾಯಿತು. 1935ರ ಚುನಾವಣೆಯಲ್ಲಿ ಮತ್ತೆ ನಿಲ್ಲಲಿಲ್ಲ. ಹೃದ್ರೋಗ ಮತ್ತು ಸಕ್ಕರೆ ಕಾಯಿಲೆ ದೇಹವನ್ನು ಹಣ್ಣು ಮಾಡಿದ್ದವು. 1936ರ ಸೆಪ್ಟೆಂಬರ್ 21ರಂದು ಹಾರ್ನ್‌ಬಿ ಕೊನೆಯುಸಿರೆಳೆದ. ಆಗ 73 ವರ್ಷ. ಯಾರಿಗಾಗಿ ಆ ಮೊದಲ ಕ್ರೇನ್ ಮಾಡಲಾಗಿತ್ತೋ ಆ ಮಗ ರೋಲಂಡ್ ಕಂಪನಿಯ ಅಧ್ಯಕ್ಷನಾದ.

ಹಾರ್ನ್‌ಬಿ ಕಾಣದೇ ಹೋದ ಒಂದು ಆಟಿಕೆ 1949ರಲ್ಲಿ ಬಿನ್ಸ್ ರಸ್ತೆಯಿಂದ ಹೊರಬಂತು. ಅದು ಡಿಂಕಿಯ ಕೋಲ್ಸ್ ಮೊಬೈಲ್ ಕ್ರೇನ್. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಗೆ ಚಲಿಸುವ ಕ್ರೇನ್‌ಗಳನ್ನು ಒದಗಿಸಿ ಹೆಸರಾಗಿದ್ದ ಕೋಲ್ಸ್ ಕಂಪನಿಯ ಯಂತ್ರದ ಪ್ರತಿರೂಪವದು. ಹಳದಿ ಬಣ್ಣದ ಒಡಲು, ಕಪ್ಪು ಬೂಮ್, ದಾರದ ತುದಿಗೆ ಕೊಕ್ಕೆ. ಒಂದು ಪುಟ್ಟ ಹಿಡಿ ತಿರುವಿದರೆ ಬೂಮ್ ಏರುತ್ತದೆ, ಇನ್ನೊಂದನ್ನು ತಿರುವಿದರೆ ಕೊಕ್ಕೆ ಇಳಿಯುತ್ತದೆ, ಮೇಲ್ಭಾಗ ಸುತ್ತಲೂ ತಿರುಗುತ್ತದೆ. 1955ರಲ್ಲಿ ಲಾರಿಯ ಮೇಲೆ ಕೂರಿಸಿದ 20 ಟನ್ ಕೋಲ್ಸ್ ಕ್ರೇನ್‌ನ ಮಾದರಿಯೂ ಬಂತು. ಇವೆರಡೂ ಹಲವು ವರ್ಷ ಮಾರಾಟದಲ್ಲಿದ್ದು ಒಂದು ತಲೆಮಾರಿನ ಬಾಲ್ಯವನ್ನು ಆವರಿಸಿಕೊಂಡವು.

ಸಂಗ್ರಾಹಕರ ಲೋಕ

ಅಂದು ಮಣ್ಣಿನಲ್ಲಿ ಹೊರಳಾಡಿದ ಆ ಕ್ರೇನ್‌ಗಳನ್ನು ಇಂದು ಗಾಜಿನ ಕಪಾಟಿನಲ್ಲಿಟ್ಟು ಕಾಯುವವರಿದ್ದಾರೆ. ಆಟಿಕೆಯ ಜತೆ ಮೂಲ ರಟ್ಟಿನ ಪೆಟ್ಟಿಗೆಯೂ ಉಳಿದಿದ್ದರೆ ಬೆಲೆ ಏರುತ್ತದೆ, ಹೊಸದಾಗಿ ಬಣ್ಣ ಬಳಿದಿದ್ದರೆ ಇಳಿಯುತ್ತದೆ. ಯುದ್ಧಪೂರ್ವದ ಡಿಂಕಿ ಮಾದರಿಗಳಿಗೆ ಇನ್ನೊಂದು ಶಾಪವೂ ಇದೆ. ಎರಕಕ್ಕೆ ಬಳಸಿದ ಸತುವಿನ ಮಿಶ್ರಲೋಹದಲ್ಲಿ ಕಲ್ಮಶ ಸೇರಿದ್ದರಿಂದ ಕಾಲಾಂತರದಲ್ಲಿ ಲೋಹ ಬಿರುಕುಬಿಟ್ಟು ಪುಡಿಯಾಗುತ್ತದೆ. ಅದಕ್ಕೆ ಮದ್ದಿಲ್ಲ.

ಸಂಗ್ರಾಹಕರಲ್ಲಿ ಎರಡು ಪಂಗಡ. ಕಾರ್ಖಾನೆಯಿಂದ ಬಂದಂತೆಯೇ ಉಳಿಸಿಕೊಳ್ಳಬೇಕೆನ್ನುವವರು ಒಂದು ಕಡೆ. ಇನ್ನೊಂದು ಕಡೆ, ಮಾದರಿಯನ್ನು ಬಿಚ್ಚಿ ತಮಗೆ ಬೇಕಾದಂತೆ ಮರುರೂಪಿಸುವವರು. ತಳದ ರಿವೆಟ್ ಕೊರೆದು ತೆಗೆಯುವುದು, ಹಳೆಯ ಬಣ್ಣ ಕಳಚುವುದು, ನಿಜವಾದ ಯಾವುದೋ ಕಂಪನಿಯ ಕ್ರೇನ್‌ನ ಬಣ್ಣ ಮತ್ತು ಹೆಸರು ಬರೆಯುವುದು, ದಪ್ಪ ದಾರದ ಬದಲು ಉಕ್ಕಿನ ಹಗ್ಗದಂತೆ ತೋರುವ ಹೆಣೆದ ಎಳೆಯನ್ನು ರಾಟೆಗಳಿಗೆ ಸುತ್ತುವುದು, ಹಿಂಬದಿಗೆ ಹೆಚ್ಚುವರಿ ಭಾರ ಕೂರಿಸುವುದು ಅವರ ಕೆಲಸ. ಜರ್ಮನಿಯ ಕಾನ್ರಾಡ್, ಎನ್‌ಜೆಡ್‌ಜಿ ಮುಂತಾದ ಸಂಸ್ಥೆಗಳು ನೈಜ ಯಂತ್ರದ ಐವತ್ತರಲ್ಲಿ ಒಂದು ಪಾಲಿನ ಅಳತೆಯಲ್ಲಿ ತಯಾರಿಸುವ ಲೋಹದ ಕ್ರೇನ್‌ಗಳು ಈ ಹವ್ಯಾಸದ ಮುಖ್ಯ ಸರಕು. ನೂರು ಮೀಟರ್ ಬೂಮ್ ಇರುವ ಕ್ರೇನ್ ಈ ಅಳತೆಯಲ್ಲಿ ಎರಡು ಮೀಟರ್ ಎತ್ತರ ನಿಲ್ಲುತ್ತದೆ ಎಂದರೆ ಅದರ ಗಾತ್ರವನ್ನು ಊಹಿಸಬಹುದು. ಕೊಂಡದ್ದನ್ನು ಕೊಂಡಂತೆಯೇ ಇಡದೆ ಕಳಚಿ ಮತ್ತೆ ಕಟ್ಟುವ ಈ ಎರಡನೆಯ ಪಂಗಡದವರು, ಅರಿತೋ ಅರಿಯದೆಯೋ, ಹಾರ್ನ್‌ಬಿಯ ವಾರಸುದಾರರೇ.

ಭಾರತಕ್ಕೂ ಈ ಪರಂಪರೆ ಹರಿದು ಬಂದಿದೆ. ಇಂಗ್ಲೆಂಡಿನಲ್ಲಿ ಬಳಸಿ ಬಿಟ್ಟ ಕೆಲವು ಡಿಂಕಿ ಅಚ್ಚುಗಳು ಕೋಲ್ಕತಾ ತಲುಪಿ, ಅಲ್ಲಿ ನಿಕ್ಕಿ ಟಾಯ್ಸ್ ಹೆಸರಿನಲ್ಲಿ ಆಟಿಕೆ ಕಾರುಗಳಾದವು. ಮೆಕ್ಯಾನೊ ಮಾದರಿಯಲ್ಲೇ ತೂತಿನ ಪಟ್ಟಿ, ನಟ್ಟು ಬೋಲ್ಟುಗಳಿದ್ದ ಮೆಕ್ಯಾನಿಕ್ಸ್ ಪೆಟ್ಟಿಗೆಗಳು ನಮ್ಮ ನಗರಗಳ ಅನೇಕ ಮನೆಗಳಲ್ಲಿ ಹುಟ್ಟುಹಬ್ಬದ ಉಡುಗೊರೆಯಾಗಿ ಬಂದವು. ಇಂದು ಎಂಜಿನಿಯರುಗಳಾಗಿರುವ ಎಷ್ಟೋ ಮಂದಿ ಮೊದಲು ಸ್ಪ್ಯಾನರ್ ಹಿಡಿದದ್ದು ಆ ಪೆಟ್ಟಿಗೆಯಲ್ಲೇ.

ಮುಚ್ಚಿದ ಬಾಗಿಲು

ಬಿನ್ಸ್ ರಸ್ತೆಯ ಕಾರ್ಖಾನೆಯ ಅಂತ್ಯ ಮಾತ್ರ ದುಃಖಕರ. ಪ್ಲಾಸ್ಟಿಕ್ ಆಟಿಕೆಗಳು ಅಗ್ಗವಾದವು, ಟಿ.ವಿ. ಮಕ್ಕಳ ಸಂಜೆಯನ್ನು ಕಸಿದುಕೊಂಡಿತು, ಹಳೆಯ ಯಂತ್ರಗಳನ್ನು ಬದಲಿಸಲು ಬಂಡವಾಳ ಸಾಲದಾಯಿತು. 1964ರಲ್ಲಿ ಕಂಪನಿ ಲೈನ್ಸ್ ಬ್ರದರ್ಸ್ ವಶವಾಯಿತು. 1971ರಲ್ಲಿ ಆ ಸಂಸ್ಥೆಯೂ ಕುಸಿದು ಮೆಕ್ಯಾನೊ ಏರ್‌ಫಿಕ್ಸ್ ಕೈಸೇರಿತು. 1979ರ ನವೆಂಬರ್ ಕೊನೆಯಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಸುಮಾರು 900 ಕಾರ್ಮಿಕರು ಕೆಲಸ ಕಳೆದುಕೊಂಡರು. ಕೆಲವರು ತಿಂಗಳುಗಟ್ಟಲೆ ಕಾರ್ಖಾನೆಯೊಳಗೇ ಧರಣಿ ಕೂತರೂ ಬಾಗಿಲು ಮತ್ತೆ ತೆರೆಯಲಿಲ್ಲ. ಹೆಸರು ಕೈಯಿಂದ ಕೈಗೆ ದಾಟಿ 2013ರಲ್ಲಿ ಕೆನಡಾದ ಸ್ಪಿನ್ ಮಾಸ್ಟರ್ ಕಂಪನಿಯ ಪಾಲಾಯಿತು. ಇಷ್ಟೆಲ್ಲ ಆದರೂ ರಂಧ್ರದಿಂದ ರಂಧ್ರಕ್ಕೆ ಅರ್ಧ ಅಂಗುಲವೆಂಬ ಆ ಲೆಕ್ಕಿಗನ ಅಳತೆಯೇ ಮೆಕ್ಯಾನೊ ಹವ್ಯಾಸಿಗಳ ನಡುವೆ ಇಂದಿಗೂ ನಡೆದುಕೊಂಡು ಬಂದಿದೆ.

ಕಿನ್ನಾಳದಿಂದ ಭಾನಾಪುರಕ್ಕೆ

ದೂರದ ಲಿವರ್‌ಪೂಲಿನ ಈ ಕಥೆ ಕೊಪ್ಪಳ ಜಿಲ್ಲೆಗೆ ಅಪರಿಚಿತವೇನಲ್ಲ. ದೊಡ್ಡದನ್ನು ಚಿಕ್ಕದರಲ್ಲಿ ಕಾಣುವ ಕಲೆ ಈ ನೆಲದಲ್ಲಿ ಹಳೆಯದು. 1112ರಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಇಟಗಿಯ ದೇವಾಲಯದ ಗೋಡೆಗಳಲ್ಲಿ ಪುಟ್ಟ ಶಿಖರಗಳ ಮಾದರಿಗಳನ್ನು ಕಲ್ಲಿನಲ್ಲೇ ಕಂಡರಿಸಲಾಗಿದೆ. ಕೊಪ್ಪಳದ ಪಕ್ಕದ ಕಿನ್ನಾಳದ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಬೆಸೆದು, ಬಣ್ಣ ಹಚ್ಚಿ ಗೊಂಬೆಗಳನ್ನು ಮಾಡುತ್ತ ಬಂದಿದ್ದಾರೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ಕಲೆಯನ್ನು ಮುಂದುವರಿಸುವ ಕುಟುಂಬಗಳು ಮಾತ್ರ ಕೆಲವೇ.

ಇದೇ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರ್ ಯೋಜನೆ 2020ರಲ್ಲಿ ಘೋಷಣೆಯಾಗಿ, 2021ರ ಜನವರಿಯಲ್ಲಿ ಶಂಕುಸ್ಥಾಪನೆ ನೆರವೇರಿತು. ಏಕಸ್ ಸಂಸ್ಥೆಯ ಈ ಯೋಜನೆ ಯಲಬುರ್ಗಾ, ಕುಕನೂರು, ಕುಷ್ಟಗಿ ಭಾಗದ ಯುವಕ ಯುವತಿಯರಲ್ಲಿ, ಅದರಲ್ಲೂ ದುಡಿಮೆಗಾಗಿ ಊರು ಬಿಡುವ ಕುಟುಂಬಗಳಲ್ಲಿ ನಿರೀಕ್ಷೆ ಹುಟ್ಟಿಸಿದೆ. ಬಿನ್ಸ್ ರಸ್ತೆಯ ಚರಿತ್ರೆ ಇಲ್ಲಿ ನೆನಪಾಗಬೇಕಾದ್ದು ಸಹಜ. ಒಂದು ಆಟಿಕೆ ಕಾರ್ಖಾನೆ ಊರಿಗೆ ಅರುವತ್ತು ವರ್ಷ ಅನ್ನ ಕೊಡಬಲ್ಲದು, ಹೊಸ ಆಲೋಚನೆ ಬತ್ತಿದ ದಿನ ಅಷ್ಟೇ ಬೇಗ ಕೈಬಿಡಬಲ್ಲದು. ಬೇರೆಯವರ ನಕ್ಷೆಯ ಆಟಿಕೆಯನ್ನು ಜೋಡಿಸುವುದಷ್ಟೇ ಸಾಕೇ, ಈ ನೆಲದ ಮಕ್ಕಳು ತಮ್ಮದೇ ಆಟಿಕೆಯನ್ನು ರೂಪಿಸುವುದು ಯಾವಾಗ ಎಂಬ ಪ್ರಶ್ನೆಗೆ ಉತ್ತರ ಮುಂದಿನ ವರ್ಷಗಳಲ್ಲಿ ಸಿಗಬೇಕಿದೆ.

ಉತ್ತರಕ್ಕೆ ಬೇಕಾದ ಕುತೂಹಲಕ್ಕೇನೂ ಇಲ್ಲಿ ಬರವಿಲ್ಲ. ಯಲಬುರ್ಗಾ, ಕುಷ್ಟಗಿಯ ಹೊಲಗಳಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಲು ಬಂದ ದೈತ್ಯ ಕ್ರೇನ್‌ಗಳನ್ನು ಇಲ್ಲಿನ ಮಕ್ಕಳು ನೋಡುತ್ತಲೇ ಬೆಳೆಯುತ್ತಿದ್ದಾರೆ. ಊರೊಳಗಿನ ಸಣ್ಣಪುಟ್ಟ ಎತ್ತುವ ಕೆಲಸಕ್ಕೆ ಬರುವ ಹೈಡ್ರಾ ಕ್ರೇನ್ ಕೂಡ ಅವರಿಗೆ ಚಿರಪರಿಚಿತ. ಜೋಳದ ದಂಟಿನಿಂದ ಬಂಡಿ ಮಾಡಿ, ಸವೆದ ಚಪ್ಪಲಿ ಕತ್ತರಿಸಿ ಅದಕ್ಕೆ ಗಾಲಿ ಹಚ್ಚಿ ಎಳೆದಾಡಿದ ಬಾಲ್ಯ ಈ ಸೀಮೆಯ ಹಿರಿಯರಿಗೆ ಹೊಸತಲ್ಲ. ಅಂಥದೇ ಬಂಡಿಯೊಂದನ್ನು, ಕ್ರೇನೊಂದನ್ನು ಮಕ್ಕಳಿಗೆ ಮಾಡಿಕೊಡಲು ಕೂತವನೇ ಹಾರ್ನ್‌ಬಿ. ಬೇಕಾದ ಒಂದು ತುಂಡು ಸಿಗದೆ ಆಟಿಕೆ ಅರ್ಧಕ್ಕೆ ನಿಂತಾಗ ಆತ ಅದನ್ನು ಮೂಲೆಗೆ ಎಸೆಯಲಿಲ್ಲ. ಐದು ಪೌಂಡ್ ಸಾಲ ಮಾಡಿದ, ಐದು ವರ್ಷ ಲಾಭವಿಲ್ಲದೆ ಕಾದ, ಕೊನೆಗೆ ಎಲ್ಲ ಮಕ್ಕಳಿಗೂ ಒದಗುವ ತುಂಡುಗಳನ್ನು ಮಾಡಿಟ್ಟು ಹೋದ.